ಅಗತ್ತಿಗೆ ಮಂಗಳೂರಿನಿಂದ ನೇರ ವಿಮಾನ: ಬಂದೀತೇ, ಬಂದರೆ ಉಳಿದೀತೇ?

ಪ್ರಶ್ನೆ: ಮಂಗಳೂರಿನಲ್ಲಿ ಸಣ್ಣ ಟ್ರಾವೆಲ್ಸ್ ನಡೆಸುತ್ತಿದ್ದೇನೆ. 2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿ ಬಂದಮೇಲೆ ಅಲ್ಲಿಗೆ ಹೋಗಬೇಕು ಎನ್ನುವ ಗಿರಾಕಿಗಳು ಹೆಚ್ಚಾಗಿದ್ದಾರೆ. ಅವರನ್ನು ಕೊಚ್ಚಿಗೋ ಬೆಂಗಳೂರಿಗೋ ಕಳಿಸಿ ಅಲ್ಲಿಂದ ಲಕ್ಷದ್ವೀಪದಲ್ಲಿ ವಿಮಾನ ಇಳಿಯುವ ದ್ವೀಪವಾದ ಅಗತ್ತಿಗೆ ವಿಮಾನ ಹತ್ತಿಸುತ್ತೇನೆ. ನಕ್ಷೆ ನೋಡಿದರೆ ಅಗತ್ತಿಗೆ ಮಂಗಳೂರೇ ಹತ್ತಿರ. ನಾವು ಏಳೆಂಟು ಏಜೆಂಟರು ಸೇರಿ ಸೀಟುಗಳಿಗೆ ಗ್ಯಾರಂಟಿ ಕೊಟ್ಟರೆ ಯಾವುದಾದರೂ ಕಂಪನಿ ನೇರ ವಿಮಾನ ಹಾರಿಸೀತೇ? ಸಣ್ಣ ಊರುಗಳ ವಿಮಾನಕ್ಕೆ ಸರಕಾರ ಕೊಡುವ ಉಡಾನ್ ಸಬ್ಸಿಡಿ ಕೇಳಬೇಕೇ? ಅಥವಾ ಅಲ್ಲಿನ ರನ್‌ವೇ ಉದ್ದವಾಗಿ ದೊಡ್ಡ ವಿಮಾನ ಇಳಿಯುವವರೆಗೆ ಕಾಯುವುದೇ ಜಾಣತನವೇ? ಸೀಪ್ಲೇನ್ ಬರುತ್ತದೆ ಎಂದೂ ಕೆಲವರು ಹೇಳುತ್ತಾರೆ.

ಉತ್ತರ: ನೀವು ನಕ್ಷೆಯಲ್ಲಿ ಕಂಡದ್ದು ಸರಿ. ನೇರ ಗೆರೆ ಎಳೆದರೆ ಅಗತ್ತಿಯಿಂದ ಮಂಗಳೂರಿಗೆ ಸುಮಾರು 380 ಕಿ.ಮೀ. ಕಣ್ಣೂರು ಹತ್ತಿರಹತ್ತಿರ ಅಷ್ಟೇ. ಕೋಳಿಕ್ಕೋಡು 410, ಕೊಚ್ಚಿ 460ರ ಮೇಲೆ, ಗೋವಾದ ಮೋಪಾ 570ರ ಮೇಲೆ, ಬೆಂಗಳೂರು 650 ದಾಟುತ್ತದೆ. ಆದರೂ ಅಗತ್ತಿಯ ವಿಮಾನಗಳು ಹುಟ್ಟಿದ್ದು ದೂರದ ಊರುಗಳಿಂದಲೇ. ದಶಕಗಳ ಕಾಲ ಕೊಚ್ಚಿಯೇ ಬಾಗಿಲಾಗಿತ್ತು. 2024ರ ಮಾರ್ಚ್ 31ರಂದು ಇಂಡಿಗೊ ಬೆಂಗಳೂರಿನಿಂದ ಶುರುಮಾಡಿತು, ಮೇ ತಿಂಗಳಲ್ಲಿ ಕೋಳಿಕ್ಕೋಡನ್ನು ಸೇರಿಸಿತು. ಅದೇ ವರ್ಷ ಫ್ಲೈ91 ಗೋವಾದಿಂದ ಹಾರಿಸಿತು. ಅಂದರೆ ವಿಮಾನ ಎಲ್ಲಿಂದ ಹೊರಡಬೇಕು ಎಂಬುದನ್ನು ದೂರ ತೀರ್ಮಾನಿಸುವುದಿಲ್ಲ. ತೀರ್ಮಾನಿಸುವುದು ಎರಡು ಸಂಗತಿ: ಅಗತ್ತಿಯ ನೆಲದಿಂದ ಎಷ್ಟು ತೂಕ ಎತ್ತಬಹುದು, ಮತ್ತು ಆ ವಿಮಾನ ರಾತ್ರಿ ಎಲ್ಲಿ ಮಲಗುತ್ತದೆ.

ತೂಕದ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಹೊರಗಿನವರು ತಪ್ಪು ಲೆಕ್ಕ ಹಾಕುವುದು ಹೆಚ್ಚಾಗಿ ಇಲ್ಲಿಯೇ.

ಅಗತ್ತಿ ದ್ವೀಪದ ದಕ್ಷಿಣ ತುದಿಯಲ್ಲಿರುವ ರನ್‌ವೇ ಉದ್ದ 1,204 ಮೀಟರ್, ಅಗಲ 30 ಮೀಟರ್. 1988ರಲ್ಲಿ ಅದು ತೆರೆದಾಗ ಲೆಕ್ಕದಲ್ಲಿದ್ದದ್ದು 19 ಸೀಟಿನ ಡಾರ್ನಿಯರ್. ಈಗ ಇಳಿಯುವುದು ಎಟಿಆರ್ 72 ಎಂಬ ಟರ್ಬೊಪ್ರಾಪ್ (ಪ್ರೊಪೆಲರ್ ಇರುವ) ವಿಮಾನ, ಕಂಪನಿಯನ್ನು ನೋಡಿ 70 ಅಥವಾ 78 ಸೀಟು. ಇದರ ಗರಿಷ್ಠ ಟೇಕಾಫ್ ತೂಕ 23,000 ಕಿಲೊ. ಆ ತೂಕದಲ್ಲಿ, ಸಮುದ್ರಮಟ್ಟದಲ್ಲಿ, 15 ಡಿಗ್ರಿ ಉಷ್ಣಾಂಶದಲ್ಲಿ ಅದಕ್ಕೆ ಬೇಕಾದ ರನ್‌ವೇ ಸುಮಾರು 1,300 ಮೀಟರ್. ಅಗತ್ತಿಯಲ್ಲಿ 15 ಡಿಗ್ರಿ ಎಂಬುದೇ ಇಲ್ಲ. ಮಧ್ಯಾಹ್ನ 30–32 ಡಿಗ್ರಿ ಸಾಮಾನ್ಯ. ಬಿಸಿ ಗಾಳಿ ತೆಳು, ಎಂಜಿನ್ನಿನ ಶಕ್ತಿ ಇಳಿಯುತ್ತದೆ, ರೆಕ್ಕೆಗೆ ಸಿಗುವ ಎತ್ತುಬಲವೂ ಇಳಿಯುತ್ತದೆ. ಹಾಗಾಗಿ ಅಲ್ಲಿಂದ ಪೂರ್ತಿ ತೂಕದಲ್ಲಿ ಮೇಲೇಳುವ ಪ್ರಶ್ನೆಯೇ ಬರುವುದಿಲ್ಲ.

ರನ್‌ವೇ ಸಾಕೇ ಎಂಬ ಲೆಕ್ಕ ಮೇಲೇಳುವುದಕ್ಕೆ ಮಾತ್ರ ಹಾಕುವುದಲ್ಲ. ಓಟದ ನಡುವೆ ಒಂದು ಎಂಜಿನ್ ಕೈಕೊಟ್ಟರೆ ನಿಗದಿತ ವೇಗಕ್ಕೆ ಮುಂಚೆಯಾದರೆ ಅಲ್ಲೇ ನಿಲ್ಲಿಸಲು, ಆ ವೇಗ ದಾಟಿದ್ದರೆ ಉಳಿದ ಒಂದೇ ಎಂಜಿನ್ನಿನಲ್ಲಿ ಏರಲು ಜಾಗ ಇರಬೇಕು. ಅಗತ್ತಿಯಲ್ಲಿ ನಿಲ್ಲಿಸಲು ಆಗಲಿಲ್ಲ ಎಂದರೆ ಮುಂದೆ ಇರುವುದು ಗದ್ದೆಯಲ್ಲ, ನೀರು. ಆದ್ದರಿಂದ ಯಾವ ಕ್ಯಾಪ್ಟನ್ನೂ ಈ ಲೆಕ್ಕದಲ್ಲಿ ಹತ್ತು ಕಿಲೊ ಕೂಡ ಬಿಟ್ಟುಕೊಡುವುದಿಲ್ಲ, ಕೊಡಲೂಬಾರದು.

ಇಳಿಯುವಾಗಲೂ ಇದೇ ಬಿಗಿ. ಟರ್ಬೊಪ್ರಾಪ್ ವಿಮಾನ ರನ್‌ವೇಯ ಶೇ. 70ರೊಳಗೆ ನಿಲ್ಲುವಂತಿರಬೇಕು ಎಂಬುದು ಅಂತರರಾಷ್ಟ್ರೀಯವಾಗಿ ಚಾಲ್ತಿಯಲ್ಲಿರುವ ಯೋಜನಾ ನಿಯಮ. ಅಗತ್ತಿಯ ಇಡೀ ಉದ್ದ ಸಿಕ್ಕಿತೆಂದೇ ಹಿಡಿದರೂ ಅದು 843 ಮೀಟರ್. ರನ್‌ವೇ ಒದ್ದೆಯಾಗಿದ್ದರೆ ಇನ್ನೂ ಶೇ. 15 ಅಂತರ ಬೇಕು, ಆಗ ಕೈಯಲ್ಲಿ ಉಳಿಯುವುದು 730ರ ಆಸುಪಾಸು. ವಿಮಾನದ ತೂಕ ಹೆಚ್ಚಿದಷ್ಟೂ ನಿಲ್ಲಲು ಹೆಚ್ಚು ಉದ್ದ ಬೇಕು. ಜೂನ್–ಸೆಪ್ಟೆಂಬರ್‌ನಲ್ಲಿ ಅಗತ್ತಿ ವಿಮಾನಗಳಲ್ಲಿ ಖಾಲಿ ಸೀಟಿದ್ದೂ ಟಿಕೆಟ್ ಸಿಗಲಿಲ್ಲ ಎಂದು ಗಿರಾಕಿಗಳು ಬೈದರೆ ಕಾರಣ ಇದಿರಬಹುದು. ಆ ಸೀಟುಗಳನ್ನು ಮಾರದೆ ಬಿಟ್ಟಿರುತ್ತಾರೆ.

ಇನ್ನು ಇಂಧನ. ದ್ವೀಪದ ವಿಶೇಷ ಏನೆಂದರೆ, ಅಲ್ಲಿ ಇಳಿಯಲಾಗದಿದ್ದರೆ ಪರ್ಯಾಯ ನಿಲ್ದಾಣ ಪಕ್ಕದ ಜಿಲ್ಲೆಯಲ್ಲಿ ಇರುವುದಿಲ್ಲ, ಮತ್ತೆ ಕರಾವಳಿಗೇ ಬರಬೇಕು. ಹೋಗುವ ಇಂಧನ, ತಿರುಗಿ ಬರುವಷ್ಟೇ ಇಂಧನ, ಮೇಲೆ ಸುತ್ತು ಹಾಕಲು ಮೀಸಲು, ಇಷ್ಟನ್ನೂ ಹೊತ್ತೇ ಹೊರಡಬೇಕು. ದ್ವೀಪದಲ್ಲಿ ತುಂಬಿಸಿಕೊಳ್ಳುವ ವ್ಯವಸ್ಥೆ ಇಲ್ಲದಿದ್ದರೆ ವಾಪಸಿನ ಇಂಧನವನ್ನು ಹೊತ್ತುಕೊಂಡೇ ಇಳಿಯಬೇಕು, ಅದು ಮೇಲೆ ಹೇಳಿದ ಲ್ಯಾಂಡಿಂಗ್ ಲೆಕ್ಕವನ್ನು ಇನ್ನಷ್ಟು ಹಿಂಡುತ್ತದೆ.

ನಿಮ್ಮ ವಾದಕ್ಕೆ ನಿಜವಾದ ಬಲ ಸಿಗುವುದು ಇಲ್ಲಿ. ಎಟಿಆರ್ 72 ಗಂಟೆಗೆ ಸುಮಾರು 650–700 ಕಿಲೊ ಇಂಧನ ಸುಡುತ್ತದೆ. ಬೆಂಗಳೂರಿಗಿಂತ ಮಂಗಳೂರು 280 ಕಿ.ಮೀ. ಹತ್ತಿರ, ಅಂದರೆ ಅರ್ಧ ಗಂಟೆಗೂ ಹೆಚ್ಚು ಉಳಿತಾಯ, ಸುಮಾರು 350–400 ಕಿಲೊ. ಒಬ್ಬ ಪ್ರಯಾಣಿಕ, ಅವನ ಲಗೇಜು ಸೇರಿ 90–95 ಕಿಲೊ ಹಿಡಿದರೆ ನಾಲ್ಕು ಸೀಟು ಹೆಚ್ಚು ಮಾರಬಹುದು. ಮಂಗಳೂರಿನಲ್ಲಿ ಮೋಡ ಕವಿದರೆ ಕಣ್ಣೂರು 140 ಕಿ.ಮೀ. ಒಳಗೇ ಇದೆ. ತಾಂತ್ರಿಕವಾಗಿ ಅಗತ್ತಿಗೆ ಮಂಗಳೂರು ಬಲು ಒಳ್ಳೆಯ ತುದಿ. ಏರ್‌ಲೈನ್‌ಗೆ ಪತ್ರ ಬರೆಯುವಾಗ ‘ನಾವು ಹತ್ತಿರ’ ಎಂದಷ್ಟೇ ಬರೆಯಬೇಡಿ, ‘ಬೆಂಗಳೂರಿಗಿಂತ ಪ್ರತಿ ಟ್ರಿಪ್ಪಿಗೆ ನಾಲ್ಕು ಸೀಟು ಹೆಚ್ಚು’ ಎಂದು ಬರೆಯಿರಿ. ಅವರಿಗೆ ಅರ್ಥವಾಗುವ ಭಾಷೆ ಅದು.

ಹಾಗಾದರೆ ಕೊಚ್ಚಿ ಯಾಕೆ ಗೆದ್ದಿತು? ದ್ವೀಪದ ಜನರ ಬದುಕು ಅತ್ತ ಕಟ್ಟಿಕೊಂಡಿದೆ. ಆಡುವ ಮಾತು ಮಲಯಾಳದ ಹತ್ತಿರದ್ದು, ಹೈಕೋರ್ಟು ಕೇರಳದ್ದು, ದೊಡ್ಡ ಆಸ್ಪತ್ರೆಗೆ ಕೊಚ್ಚಿ, ಪ್ರಯಾಣಿಕರ ಹಡಗು ಹೊರಡುವುದೂ ಕೊಚ್ಚಿಯಿಂದ. ಮಂಗಳೂರಿನ ನಂಟು ಹಳೆಯದೇ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಸೇರಿದ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಹಳೆ ಬಂದರಿನಿಂದ ಮಂಜಿಗಳು (ಸರಕು ದೋಣಿಗಳು) ತರಕಾರಿ, ಸಿಮೆಂಟು, ಜಲ್ಲಿ ಹೊತ್ತು ಇಂದಿಗೂ ಅತ್ತ ಹೋಗುತ್ತವೆ. ಆದರೆ ಗಮನಿಸಿ, ಆ ಪಟ್ಟಿಯಲ್ಲಿ ಅಗತ್ತಿ ಇಲ್ಲ. ಅದು ಮಲಬಾರಿನ ಪಾಲಿಗಿತ್ತು. ಮಂಗಳೂರಿನ ನೆಂಟಸ್ತಿಕೆ ಉತ್ತರದ ದ್ವೀಪಗಳೊಂದಿಗೆ, ವಿಮಾನ ಇಳಿಯುವುದು ಬೇರೆ ದ್ವೀಪದಲ್ಲಿ. ಕಡಮತ್‌ನವರು ಮಂಗಳೂರಿಗೆ ವಿಮಾನದಲ್ಲಿ ಬರಬೇಕಾದರೆ ಮೊದಲು 70 ಕಿ.ಮೀ.ಗೂ ಹೆಚ್ಚು ಕಡಲು ದಾಟಿ ಅಗತ್ತಿಗೆ ಬರಬೇಕು. ಅಷ್ಟು ದೂರ ಬೋಟಿನಲ್ಲಿ ಬಂದವರು ಹಡಗಿನಲ್ಲೇ ಮುಂದುವರಿದರೆ ಆಶ್ಚರ್ಯವೇನು? ನಿಮ್ಮ ಬೇಡಿಕೆಯ ಲೆಕ್ಕದಲ್ಲಿ ‘ಲಕ್ಷದ್ವೀಪದ ಜನಸಂಖ್ಯೆ 64,473’ ಎಂಬ 2011ರ ಜನಗಣತಿ ಅಂಕಿ ಬಳಸಿದ್ದರೆ ತೆಗೆದುಹಾಕಿ. ಅಗತ್ತಿಯದು 7,566.

ಎರಡನೆಯ ಸಂಗತಿ, ವಿಮಾನ ಮಲಗುವ ಊರು. ಎಟಿಆರ್‌ಗಳು ರಾತ್ರಿ ತಂಗಿ, ಎಂಜಿನಿಯರುಗಳ ಕೈಗೆ ಸಿಕ್ಕಿ, ಬೆಳಿಗ್ಗೆ ಹೊಸ ಸಿಬ್ಬಂದಿಯೊಂದಿಗೆ ಹೊರಡುವುದು ಕೆಲವೇ ನೆಲೆಗಳಿಂದ. ಇಂಡಿಗೊಗೆ ಬೆಂಗಳೂರು ಅಂಥದೊಂದು, ಫ್ಲೈ91ಗೆ ಮೋಪಾ. ಅಗತ್ತಿಯ ಒಂದು ಟ್ರಿಪ್ಪಿಗಾಗಿ ಯಾರೂ ಮಂಗಳೂರಿನಲ್ಲಿ ವಿಮಾನ ನಿಲ್ಲಿಸುವುದಿಲ್ಲ. ಆದರೆ ಬೆಂಗಳೂರಿನಿಂದ ಬೆಳಿಗ್ಗೆ ಮಂಗಳೂರಿಗೆ ಬರುವ ವಿಮಾನ ಅಗತ್ತಿಗೆ ಹೋಗಿ, ಮಂಗಳೂರಿಗೆ ಮರಳಿ, ಮತ್ತೆ ಬೆಂಗಳೂರಿಗೆ ಹೋಗಬಹುದು. ಆಗ ಬೆಂಗಳೂರು–ಮಂಗಳೂರು ಸೀಟುಗಳು ತಮ್ಮಷ್ಟಕ್ಕೆ ಮಾರಾಟವಾಗುತ್ತವೆ, ಬೆಂಗಳೂರಿನಿಂದ ಅಗತ್ತಿಗೆ ಹೋಗುವವರೂ ಇದರಲ್ಲೇ ಕೂರುತ್ತಾರೆ, ನಿಮ್ಮ ಗಿರಾಕಿಗಳು ಉಳಿದ ಸೀಟು ತುಂಬಿಸಿದರೆ ಸಾಕು. ‘ಮಂಗಳೂರು–ಅಗತ್ತಿ ವಿಮಾನ ಕೊಡಿ’ ಎಂದು ಕೇಳುವುದಕ್ಕೂ ‘ಬೆಂಗಳೂರು–ಅಗತ್ತಿ ವಿಮಾನವನ್ನು ವಾರಕ್ಕೆ ಎರಡು ದಿನ ಮಂಗಳೂರಿನ ಮೇಲೆ ಕಳಿಸಿ’ ಎಂದು ಕೇಳುವುದಕ್ಕೂ ಅಜಗಜಾಂತರ. ಮೊದಲನೆಯದಕ್ಕೆ ಹೊಸ ವಿಮಾನದ ಸಮಯ ಬೇಕು. ಎರಡನೆಯದಕ್ಕೆ ಇರುವ ವಿಮಾನಕ್ಕೆ ಒಂದೊಂದು ಕಡೆಗೆ ಮುಕ್ಕಾಲು ಗಂಟೆ, ಒಂದು ಗಂಟೆ ಹೆಚ್ಚು ಕೊಟ್ಟರಾಯಿತು.

ಇದರಲ್ಲೂ ಅಪಾಯವಿದೆ. ಬೆಂಗಳೂರಿನ ಪ್ರಯಾಣಿಕನಿಗೆ ನೇರ ಹೋಗುತ್ತಿದ್ದ ವಿಮಾನ ಈಗ ಮಧ್ಯೆ ಇಳಿಯುತ್ತದೆ. ಸ್ಪರ್ಧಿ ನೇರ ಹಾರಿಸುತ್ತಿದ್ದರೆ ಅವನು ಅತ್ತ ಹೋಗುತ್ತಾನೆ. ಮತ್ತೆ, ಮಂಗಳೂರಿನಲ್ಲಿ ಬೆಳಗಿನ ಮಂಜಿನಿಂದ ಒಂದು ಗಂಟೆ ತಡವಾದರೆ ಅಗತ್ತಿಯಲ್ಲಿ ಬೋಟು ಕಾಯುತ್ತಿರುತ್ತದೆ, ಬಂಗಾರಂ ದ್ವೀಪಕ್ಕೆ ಹೊರಡಲು ಬೆಳಕು ಸಾಲುವುದಿಲ್ಲ. ವೇಳಾಪಟ್ಟಿಯಲ್ಲಿ ಅಗತ್ತಿ ತಲುಪುವ ಸಮಯ ಮಧ್ಯಾಹ್ನ 12ರೊಳಗೆ ಇರಲಿ ಎಂದು ಮೊದಲೇ ಕೇಳಿಕೊಳ್ಳಿ.

ಈಗ ಗ್ಯಾರಂಟಿಯ ಮಾತು. ಮೊದಲು ಎಷ್ಟು ಜನ ಬೇಕು ನೋಡಿ. ವಾರಕ್ಕೆ ಮೂರು ಟ್ರಿಪ್, 70 ಸೀಟು ಎಂದರೆ ಎರಡೂ ಕಡೆ ಸೇರಿ ವಾರಕ್ಕೆ 420, ವರ್ಷಕ್ಕೆ 21,840 ಸೀಟು. ಮುಕ್ಕಾಲು ಪಾಲು ತುಂಬಿದರೂ 16,380 ಟಿಕೆಟ್, ಅಂದರೆ ಹೋಗಿ ಬರುವ 8,190 ಮಂದಿ. ಅರ್ಧ ಜನ ದ್ವೀಪದವರು, ಸರಕಾರಿ ಕೆಲಸದವರು ಎಂದು ಉದಾರವಾಗಿ ಹಿಡಿಯೋಣ. ಉಳಿದ 4,095 ಪ್ರವಾಸಿಗರು ನಾಲ್ಕು ರಾತ್ರಿ ಉಳಿದರೆ ವರ್ಷದ ಪ್ರತಿ ರಾತ್ರಿ 45 ಹಾಸಿಗೆ ಬೇಕು, ಅದೂ ಮಂಗಳೂರು ವಿಮಾನದವರಿಗೆ ಮಾತ್ರ. ಕೊಚ್ಚಿ, ಬೆಂಗಳೂರು, ಗೋವಾದಿಂದ ಬಂದವರೂ ಅದೇ ಹಾಸಿಗೆಗಳಿಗೆ ಪೈಪೋಟಿ ಮಾಡುತ್ತಾರೆ. ಮಳೆಗಾಲದ ನಾಲ್ಕು ತಿಂಗಳು ಬೋಟು ಓಡುವುದೇ ಕಷ್ಟವಾದ್ದರಿಂದ ಉಳಿದ ಎಂಟು ತಿಂಗಳಿಗೆ ಆ ಸಂಖ್ಯೆ ಇನ್ನೂ ಏರುತ್ತದೆ. ಲಕ್ಷದ್ವೀಪದ ವಿಮಾನಗಳನ್ನು ಕಟ್ಟಿಹಾಕುವ ಹಗ್ಗ ಹಾಸಿಗೆಗಳ ಕೊರತೆ. ಸುಹೇಲಿ, ಕಡಮತ್‌ಗಳಲ್ಲಿ ತಲಾ 110 ಕೋಣೆಗಳ ಎರಡು ತಾಜ್ ರಿಸಾರ್ಟ್‌ಗಳನ್ನು 2023ರಲ್ಲಿ ಘೋಷಿಸಿದಾಗ ವಿಮಾನ ಕಂಪನಿಗಳವರು ಕಿವಿ ನಿಮಿರಿಸಿದ್ದು ಇದಕ್ಕೇ. ಅಂಥದೊಂದು ತೆರೆಯುವ ದಿನಾಂಕ ಖಚಿತವಾದಾಗ ನಿಮ್ಮ ಪ್ರಸ್ತಾವ ಮೇಜಿನ ಮೇಲಿರಬೇಕು, ತೆರೆಯುವುದಕ್ಕೆ ಆರು ತಿಂಗಳ ಮುಂಚೆ.

ದುಡ್ಡಿನ ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ಹೇಳುತ್ತೇನೆ. ಅಂಕಿ ಲೆಕ್ಕಕ್ಕೆಂದು ಹಿಡಿದದ್ದು, ನಿಮ್ಮ ಒಪ್ಪಂದದಲ್ಲಿ ಬೇರೆ ಇರುತ್ತದೆ. ಮಂಗಳೂರಿನಿಂದ ಹೋಗಿ ಬರುವ ಒಂದು ಸುತ್ತಿಗೆ ಕಂಪನಿಯ ಖರ್ಚು ₹7 ಲಕ್ಷ ಎನ್ನಿ. ತೂಕದ ಮಿತಿಯಿಂದ ಒಂದೊಂದು ಕಡೆ 58 ಸೀಟು ಮಾತ್ರ ಮಾರಬಹುದು ಎನ್ನಿ. ಎರಡೂ ಕಡೆ ತುಂಬಿದರೆ 116 ಟಿಕೆಟ್, ಒಂದಕ್ಕೆ ₹6,000 ಸ್ವಲ್ಪ ಮೇಲೆ ಬಂದರೆ ಖರ್ಚು ಹುಟ್ಟುತ್ತದೆ. 85 ಟಿಕೆಟ್ ಮಾತ್ರ ಹೋದರೆ ₹8,200 ದಾಟಬೇಕು. ದಸರಾ ರಜೆ ಶುರುವಾದ ದಿನ ಹೋಗುವ ವಿಮಾನ ಭರ್ತಿ, ಬರುವುದು ಖಾಲಿ. ರಜೆ ಮುಗಿದ ದಿನ ಉಲ್ಟಾ. ಈದ್‌ಗೆ ಊರಿಗೆ ಹೋಗುವ ದ್ವೀಪದವರು ಈ ಖಾಲಿಯನ್ನು ಸ್ವಲ್ಪ ತುಂಬಿಸುತ್ತಾರೆ, ಪೂರ್ತಿ ಅಲ್ಲ.

ಏಜೆಂಟರು ಕೊಡುವ ಗ್ಯಾರಂಟಿಯಲ್ಲಿ ಎರಡು ಬಗೆ. ಒಂದು, ಇಂತಿಷ್ಟು ಸೀಟನ್ನು ಮುಂಗಡ ಕೊಟ್ಟು ಹಿಡಿಯುವುದು. ಮಾರಾಟವಾಗದಿದ್ದರೆ ನಷ್ಟ ನಿಮ್ಮದು, ಆದರೆ ಅದರ ಮಿತಿ ನಿಮಗೆ ಗೊತ್ತಿರುತ್ತದೆ. ಇನ್ನೊಂದು, ಪ್ರತಿ ಟ್ರಿಪ್ಪಿನ ಒಟ್ಟು ಆದಾಯಕ್ಕೆ ಗ್ಯಾರಂಟಿ ನಿಲ್ಲುವುದು. ಕಂಪನಿ ದರವನ್ನು ತಪ್ಪಾಗಿ ಇಟ್ಟರೂ ಕೊರತೆ ನೀವು ತುಂಬಬೇಕು. ಸಣ್ಣ ಏಜೆಂಟರು ಎರಡನೆಯದಕ್ಕೆ ಕೈ ಹಾಕಬಾರದು. ಅದು ಸರಕಾರ, ರಿಸಾರ್ಟ್ ಸಮೂಹಗಳಿಗೆ ಹೇಳಿದ್ದು. ಮೊದಲ ಬಗೆಗೆ ಹೋದರೂ ಒಪ್ಪಂದದಲ್ಲಿ ಮೂರು ವಿಷಯ ಅಕ್ಷರದಲ್ಲಿ ಇರಲಿ: ತೂಕದ ಕಾರಣಕ್ಕೆ ಸೀಟು ಕಡಿಮೆಯಾದರೆ ಯಾರ ಸೀಟು ಮೊದಲು ಹೋಗುತ್ತದೆ, ಹವಾಮಾನದಿಂದ ವಿಮಾನ ರದ್ದಾದರೆ ನಿಮ್ಮ ಮುಂಗಡ ಎಷ್ಟು ದಿನದಲ್ಲಿ ಮರಳುತ್ತದೆ, ಸಿಕ್ಕಿಬಿದ್ದ ಗಿರಾಕಿಗಳ ಊಟ–ವಸತಿ ಯಾರದ್ದು. ಅಗತ್ತಿಯಲ್ಲಿ 58 ಜನ ಒಟ್ಟಿಗೆ ಸಿಕ್ಕಿಬಿದ್ದರೆ ಹೆಚ್ಚುವರಿ ಕೋಣೆ ಸಿಗುವುದಿಲ್ಲ ಎಂಬುದನ್ನು ಮರೆಯಬೇಡಿ. ಲಗೇಜಿನ ಮಿತಿಯನ್ನು ಟಿಕೆಟ್ ಮಾರುವಾಗಲೇ ಹೇಳಿ. ಡೈವಿಂಗ್ ಸಾಮಾನು ಹೊತ್ತು ಬರುವ ಇಬ್ಬರು ಒಂದು ಸೀಟಿನ ತೂಕ ನುಂಗುತ್ತಾರೆ.

ಪರ್ಮಿಟ್ ಇನ್ನೊಂದು ಗಂಟು. ದ್ವೀಪದವರಲ್ಲದವರಿಗೆ ಪ್ರವೇಶ ಪರವಾನಗಿ ಬೇಕು, 1967ರ ನಿಯಮದಿಂದ ಬಂದದ್ದು. ಅದು ಕೈಗೆ ಬರುವ ಮುಂಚೆ ರೀಫಂಡ್ ಇಲ್ಲದ ಟಿಕೆಟ್ ಮಾಡಿಸಿದವರು ಪರ್ಮಿಟ್ ತಡವಾದಾಗ ಬರುವುದೇ ಇಲ್ಲ. ವಿಮಾನ ಕಾಗದದಲ್ಲಿ ಭರ್ತಿ, ಒಳಗೆ ಖಾಲಿ. ನೀವು ಹಿಡಿದ ಸೀಟಿಗೆ ಹೆಸರು ಬದಲಿಸುವ ಅವಕಾಶ ಹೊರಡುವ 72 ಗಂಟೆ ಮುಂಚಿನವರೆಗಾದರೂ ಇರುವಂತೆ ಚೌಕಾಸಿ ಮಾಡಿ, ಮತ್ತು ಪರ್ಮಿಟ್ ಕೈಯಲ್ಲಿರುವ ಕಾಯುವವರ ಪಟ್ಟಿಯೊಂದು ನಿಮ್ಮ ಬಳಿ ಇರಲಿ.

ಉಡಾನ್ ಬಗ್ಗೆ. 2016ರಲ್ಲಿ ಬಂದ ಈ ಯೋಜನೆಯಲ್ಲಿ ಕಂಪನಿ ಅರ್ಧದಷ್ಟು ಸೀಟನ್ನು ಮಿತಿ ದರಕ್ಕೆ ಮಾರುತ್ತದೆ (ಆರಂಭದಲ್ಲಿ ಒಂದು ಗಂಟೆಯ ಹಾರಾಟಕ್ಕೆ ₹2,500), ಕೊರತೆಯನ್ನು ಸರಕಾರ ಮೂರು ವರ್ಷ ತುಂಬುತ್ತದೆ, ಆ ಅವಧಿಯಲ್ಲಿ ಮಾರ್ಗ ಅದಕ್ಕೇ ಮೀಸಲು. ಕೇಳಬಹುದು, ತಪ್ಪೇನಿಲ್ಲ. ಆದರೆ ಮಾರ್ಗಕ್ಕೆ ಬಿಡ್ ಹಾಕಬೇಕಾದದ್ದು ಏರ್‌ಲೈನ್. ಏಜೆಂಟರ ಸಂಘದ ಮನವಿಯಿಂದ ಮಾರ್ಗ ಹುಟ್ಟುವುದಿಲ್ಲ. ಮೂರು ವರ್ಷದ ನಂತರ ಏನು ಎಂಬುದಕ್ಕೆ ಸರಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2023ರ ವರದಿ ಕಣ್ಣು ತೆರೆಸುತ್ತದೆ: ಉಡಾನ್‌ನ ಮೂರನೇ ಹಂತದವರೆಗೆ ಕೊಟ್ಟ 774 ಮಾರ್ಗಗಳಲ್ಲಿ ಶುರುವಾದದ್ದು 371, ಮೂರು ವರ್ಷ ಮುಗಿಸಿದ್ದು 112, ಆಮೇಲೂ 2023ರ ಮಾರ್ಚ್‌ನಲ್ಲಿ ಉಳಿದಿದ್ದದ್ದು 54. ಬೀದರ್‌ನವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2020ರಲ್ಲಿ ಒಂದು ಕಂಪನಿ ಬಂತು, ನಿಂತಿತು. 2022ರಲ್ಲಿ ಇನ್ನೊಂದು ಬಂತು, ಅದೂ ನಿಂತು ಮತ್ತೆ ಹೊರಟಿತು. ಸಬ್ಸಿಡಿ ಸಿಕ್ಕರೆ ಅದನ್ನು ಬೇಡಿಕೆ ಬೆಳೆಸುವ ಮೂರು ವರ್ಷದ ಕಾಲಾವಕಾಶ ಎಂದು ನೋಡಿ. ಮೂರನೇ ವರ್ಷದ ಹೊತ್ತಿಗೆ ಪೂರ್ತಿ ದರ ಕೊಡುವ ಗಿರಾಕಿ ಇಲ್ಲದಿದ್ದರೆ ವಿಮಾನವೂ ಇರುವುದಿಲ್ಲ.

‘ದೊಡ್ಡ ಕಂಪನಿಗಳು ಲಕ್ಷದ್ವೀಪಕ್ಕೆ ಹಾರಿಸಲೇಬೇಕು ಎಂಬ ಸರಕಾರಿ ನಿಯಮವಿದೆ’ ಎಂದು ಕೆಲವರು ನಿಮಗೆ ಹೇಳಿರಬಹುದು. ಅರ್ಧ ಸತ್ಯ. ಮಹಾನಗರಗಳ ನಡುವಿನ ಮುಖ್ಯ ಮಾರ್ಗಗಳಲ್ಲಿ ಹಾರಿಸುವ ಸಾಮರ್ಥ್ಯದ ಶೇ. 10ರಷ್ಟನ್ನು ಈಶಾನ್ಯ, ಕಾಶ್ಮೀರ, ಅಂಡಮಾನ್, ಲಕ್ಷದ್ವೀಪದಂಥ ಪ್ರದೇಶಗಳಿಗೆ ಕೊಡಬೇಕು ಎಂಬುದು ನಿಯಮ. ಅಳೆಯುವುದು ಸೀಟು ಮತ್ತು ಕಿಲೊಮೀಟರಿನಲ್ಲಿ. 180 ಸೀಟಿನ ಜೆಟ್ಟನ್ನು ಶ್ರೀನಗರಕ್ಕೋ ಗುವಾಹಟಿಗೋ ಒಂದು ಸಲ ಕಳಿಸಿದರೆ ಅಗತ್ತಿಗೆ ಎಟಿಆರ್ ಹಲವು ಸಲ ಹೋದಷ್ಟು ಅಂಕ ಸಿಗುತ್ತದೆ. ಆ ನಿಯಮದಿಂದ ಅಗತ್ತಿಗೆ ಲಾಭವಿಲ್ಲ.

ರನ್‌ವೇ ಉದ್ದವಾಗುವವರೆಗೆ ಕಾಯಬೇಡಿ. ಎ320ರಂಥ ಜೆಟ್ಟಿಗೆ ಪೂರ್ತಿ ತೂಕದಲ್ಲಿ 2,000 ಮೀಟರ್ ದಾಟಿದ ಉದ್ದ, 45 ಮೀಟರ್ ಅಗಲ, ತುದಿಗಳಲ್ಲಿ ಸುರಕ್ಷಾ ಜಾಗ, ಈಗಿರುವುದಕ್ಕಿಂತ ಮೇಲಿನ ದರ್ಜೆಯ ಅಗ್ನಿಶಾಮಕ ವ್ಯವಸ್ಥೆ, ವಿಮಾನ ನಿಲ್ಲಿಸಲು ದೊಡ್ಡ ಅಂಗಳ ಬೇಕು. ಅಗತ್ತಿಯಲ್ಲಿ ನೆಲ ಅಲ್ಲಿಗೇ ಮುಗಿಯುತ್ತದೆ. ಉದ್ದ ಮಾಡಬೇಕಾದರೆ ದಕ್ಷಿಣಕ್ಕಿರುವ ಕಲ್ಪಿಟ್ಟಿ ಎಂಬ ಪುಟ್ಟ ದ್ವೀಪದ ಕಡೆಗೆ ಹವಳದ ದಿಬ್ಬದ ಮೇಲೆ ಕಟ್ಟಬೇಕು. ಪರಿಸರದ ತಕರಾರು ನ್ಯಾಯವಾದದ್ದೇ. ಉದ್ದವಾದರೂ ಎಲ್ಲ ಸರಿಹೋಗುತ್ತದೆ ಎಂದಲ್ಲ. ದಕ್ಷಿಣ ಅಟ್ಲಾಂಟಿಕ್‌ನ ಸೇಂಟ್ ಹೆಲೆನಾ ದ್ವೀಪದಲ್ಲಿ ಬ್ರಿಟನ್ 28.5 ಕೋಟಿ ಪೌಂಡ್ ಸುರಿದು ವಿಮಾನ ನಿಲ್ದಾಣ ಕಟ್ಟಿತು. 2016ರಲ್ಲಿ ತೆರೆಯಬೇಕೆಂದಾಗ ರನ್‌ವೇಯ ಒಂದು ತುದಿಯಲ್ಲಿ ಗಾಳಿಯ ದಿಕ್ಕು–ವೇಗ ಹಠಾತ್ ಬದಲಾಗುತ್ತದೆ ಎಂದು ಗೊತ್ತಾಗಿ ಯೋಜಿಸಿದ್ದ ಬೋಯಿಂಗ್ 737 ಸೇವೆ ಕೈಬಿಟ್ಟುಹೋಯಿತು. 2017ರ ಅಕ್ಟೋಬರ್‌ನಲ್ಲಿ ಕೊನೆಗೂ ಶುರುವಾದದ್ದು ಚಿಕ್ಕ ಎಂಬ್ರೇಯರ್ ವಿಮಾನದಲ್ಲಿ, ಅದೂ ಪ್ರಯಾಣಿಕರನ್ನು 76ಕ್ಕೆ ಇಳಿಸಿ. ಅಗತ್ತಿಗೆ ಜೆಟ್ ಬಂದರೆ ಮಂಗಳೂರಿಗೆ ಇನ್ನೊಂದು ಪೆಟ್ಟೂ ಇದೆ: ಆಗ ಮುಂಬೈ, ದಿಲ್ಲಿಯಿಂದ ನೇರ ಹಾರಬಹುದು, ಹತ್ತಿರದ ಊರಿನ ಅನುಕೂಲ ಕರಗುತ್ತದೆ. ಈಗಿನ ಗಿಡ್ಡ ರನ್‌ವೇ ನಿಮ್ಮ ಮಿತ್ರ.

ಚಿಕ್ಕ ವಿಮಾನ? 48 ಸೀಟಿನ ಎಟಿಆರ್ 42 ಈ ರನ್‌ವೇಗೆ ಎಟಿಆರ್ 72ಗಿಂತ ಚೆನ್ನಾಗಿ ಹೊಂದುತ್ತದೆ, ಆದರೆ ನಮ್ಮ ದೇಶದಲ್ಲಿ ಅವು ವಿರಳ. 800 ಮೀಟರ್ ರನ್‌ವೇಗೆಂದು ಎಟಿಆರ್ ಹೊರಡಿಸಬೇಕೆಂದಿದ್ದ ಮಾದರಿಯನ್ನು ಕಂಪನಿಯೇ 2024ರ ನವೆಂಬರ್‌ನಲ್ಲಿ ಕೈಬಿಟ್ಟಿತು. 19 ಸೀಟಿನ ಡಾರ್ನಿಯರ್‌ಗೆ ರನ್‌ವೇ ಧಾರಾಳ, ಆದರೆ ಇಬ್ಬರು ಪೈಲಟ್‌ಗಳ ಸಂಬಳವನ್ನು 19 ಟಿಕೆಟ್‌ಗಳೇ ಹೊರಬೇಕು. ಸೀಸನ್ನಿನಲ್ಲಿ ಹತ್ತು ಹದಿನೈದು ವಾರಾಂತ್ಯಕ್ಕೆ ಚಾರ್ಟರ್ ಮಾಡಿ ಬೇಡಿಕೆ ಪರೀಕ್ಷಿಸಲು ಅದು ಒಳ್ಳೆಯದು, ವರ್ಷಪೂರ್ತಿ ಸೇವೆಗೆ ಅಲ್ಲ. ಸೀಪ್ಲೇನ್‌ನದು ಬೇರೆ ಕಥೆ. ಮಾಲ್ಡೀವ್ಸ್‌ನಲ್ಲಿ ಅದು ನಡೆಯುತ್ತದೆ, ಏಕೆಂದರೆ ಮಾಲೆಗೆ ಪ್ರಪಂಚದ ಜೆಟ್‌ಗಳು ಬಂದಿಳಿಯುತ್ತವೆ, ಸೀಪ್ಲೇನ್ ಬಾಡಿಗೆ ರಿಸಾರ್ಟ್ ಬಿಲ್ಲಿನೊಳಗೆ ಸೇರಿಹೋಗುತ್ತದೆ. ಅದು ದ್ವೀಪದಿಂದ ದ್ವೀಪಕ್ಕೆ ಹೋಗುವ ಸಾಧನ. ಮಂಗಳೂರಿನಿಂದ 380 ಕಿ.ಮೀ. ತೆರೆದ ಕಡಲು ದಾಟಿಸುವುದಕ್ಕೆ ಅದನ್ನು ನಂಬಬೇಡಿ. ಅಹಮದಾಬಾದ್–ಕೆವಾಡಿಯಾ ಸೀಪ್ಲೇನ್ 2020ರ ಅಕ್ಟೋಬರ್ 31ಕ್ಕೆ ಹೊರಟು ಮರುವರ್ಷ ಏಪ್ರಿಲ್‌ನಲ್ಲೇ ನಿಂತದ್ದು ನೆನಪಿರಲಿ. ಅಗತ್ತಿಯಿಂದ ಕಡಮತ್, ಮಿನಿಕಾಯ್‌ಗೆ ಅದು ಬಂದರೆ ಮಾತ್ರ ನಿಮ್ಮ ವಿಮಾನಕ್ಕೆ ಪ್ರಯಾಣಿಕರನ್ನು ತಂದುಕೊಡುತ್ತದೆ.

ಹಾಗಾಗಿ ಮುಂದಿನ ಆರು ತಿಂಗಳು ಮಾಡಬೇಕಾದದ್ದು ಇಷ್ಟು. ನಿಮ್ಮ ಏಳೆಂಟು ಏಜೆಂಟರ ಕಳೆದ ಹನ್ನೆರಡು ತಿಂಗಳ ಅಗತ್ತಿ ಬುಕಿಂಗ್‌ಗಳನ್ನು ಒಂದೇ ಹಾಳೆಗೆ ತನ್ನಿ: ಹೋದ ದಿನ, ಬಂದ ದಿನ, ಎಲ್ಲಿಂದ ಹತ್ತಿದರು, ಟಿಕೆಟ್ಟಿಗೆ ಕೊಟ್ಟ ದುಡ್ಡು, ಮನೆ ಎಲ್ಲಿ. ಉಡುಪಿ, ಕಾಸರಗೋಡು, ಪುತ್ತೂರು, ಮಡಿಕೇರಿಯವರು ಕೊಚ್ಚಿಗೆ ಹೋಗಿ ಹತ್ತಿದ್ದರೆ ಅದನ್ನು ಬೇರೆಯಾಗಿ ಎಣಿಸಿ, ಏರ್‌ಲೈನ್‌ನ ದಾಖಲೆಯಲ್ಲಿ ಅವರು ಕೊಚ್ಚಿ ಪ್ರಯಾಣಿಕರಾಗಿಯೇ ಕಾಣುತ್ತಾರೆ. ಬಿಟ್ಟುಹೋದವರನ್ನೂ ಎಣಿಸಿ, ಕೇಳಿ ದರ ನೋಡಿ ಹಿಂದೆ ಸರಿದವರು ಎಷ್ಟು ಎಂದು. ತಿಂಗಳವಾರು ಬೇರೆ, ಹೋಗುವ ಕಡೆ ಬೇರೆ, ಬರುವ ಕಡೆ ಬೇರೆ. ವಿಚಾರಣೆಗಳ ಸಂಖ್ಯೆಯನ್ನು ಬೇಡಿಕೆ ಎಂದು ತೋರಿಸಬೇಡಿ; ಯಾರೂ ನಂಬುವುದಿಲ್ಲ.

ಆ ಹಾಳೆಯೊಂದಿಗೆ ಮೊದಲು ಮಂಗಳೂರು ವಿಮಾನ ನಿಲ್ದಾಣದ ನಿರ್ವಾಹಕರ ಬಳಿ ಹೋಗಿ. ಹೊಸ ಮಾರ್ಗ ತರುವುದು ಅವರ ಕೆಲಸವೂ ಹೌದು, ಏರ್‌ಲೈನ್‌ಗಳ ವೇಳಾಪಟ್ಟಿ ತಂಡದ ಜತೆ ನಿತ್ಯ ಮಾತಾಡುವವರೂ ಅವರೇ. 80ಕ್ಕಿಂತ ಕಡಿಮೆ ಸೀಟಿನ ವಿಮಾನಕ್ಕೆ ಸರಕಾರಿ ನಿಲ್ದಾಣಗಳಲ್ಲಿ ಲ್ಯಾಂಡಿಂಗ್ ಶುಲ್ಕವೇ ಇಲ್ಲ, ಹಾಗಾಗಿ ಶುಲ್ಕ ಮನ್ನಾ ಎಂಬ ಆಮಿಷಕ್ಕೆ ಬೆಲೆ ಕಡಿಮೆ. ಬದಲಿಗೆ ಬೆಳಗಿನ ಒಳ್ಳೆಯ ಸಮಯ, ಪ್ರಚಾರದ ಖರ್ಚಿನಲ್ಲಿ ಪಾಲು ಕೇಳಿ. ಚಳಿಗಾಲದ ವೇಳಾಪಟ್ಟಿ ಅಕ್ಟೋಬರ್ ಕೊನೆಗೆ ಶುರುವಾಗುತ್ತದೆ. ಬೇಸಿಗೆ ಮುಗಿಯುವ ಮುಂಚೆ, ಏಪ್ರಿಲ್–ಮೇ ಹೊತ್ತಿಗೆ ಅವರ ಮುಂದೆ ಇರದ ಪ್ರಸ್ತಾವ ಆ ವರ್ಷಕ್ಕೆ ಸತ್ತಂತೆ. ಕೇಳಬೇಕಾದದ್ದು ನವೆಂಬರ್‌ನಿಂದ ಏಪ್ರಿಲ್‌ವರೆಗೆ ವಾರಕ್ಕೆ ಎರಡು ದಿನ, ಬೆಂಗಳೂರು–ಮಂಗಳೂರು–ಅಗತ್ತಿ, ಜತೆಗೆ ನೀವು ಮುಂಗಡ ಕೊಟ್ಟು ಹಿಡಿಯುವ 15–20 ಸೀಟು.